ಯಾರೂ ಕೆಮ್ಮದ ಗಣಿ

ವಿದ್ಯಾಗಿರಿಯ ನಮ್ಮ ಕೋಣೆಯಲ್ಲಿ ಕೂತು ‘ಕೆ.ಜಿ.ಎಫ್: ಅಧ್ಯಾಯ 1’ ಸಿನಿಮಾವನ್ನು ಲ್ಯಾಪ್‌ಟಾಪಿನಲ್ಲಿ ಮತ್ತೊಮ್ಮೆ ನೋಡುತ್ತಿದ್ದೆವು. ಜೊತೆಗಿದ್ದವನು ಇಳಕಲ್ ಕಡೆಯ ಹುಡುಗ, ಎಂ.ಎ. ಓದುತ್ತಿದ್ದಾನೆ. 2018ರ ಡಿಸೆಂಬರಿನಲ್ಲಿ ಈ ಸಿನಿಮಾ ಬಂದಾಗ ಅವನೂ ನಾನೂ ಬೇರೆ ಬೇರೆ ಟಾಕೀಜುಗಳಲ್ಲಿ ಸೀಟಿ ಹೊಡೆದವರೇ. ಮೊದಲ ಸಲ ನೋಡುವಾಗ ಅವನಿಗೂ ಹೊಳೆಯದ ಮಾತೊಂದು ಈ ಸಲ ಅವನ ಬಾಯಿಂದ ಬಂತು. ಗಣಿಯ ದೃಶ್ಯ ಓಡುತ್ತಿತ್ತು. ಮುಖ, ಮೈ, ಗೋಡೆ, ಆಕಾಶ ಎಲ್ಲವೂ ಮಸಿಬಣ್ಣ. ಅವನು ಪರದೆಯಿಂದ ಕಣ್ಣು ತೆಗೆಯದೆ, “ಅಣ್ಣಾರ, ಇಷ್ಟ್ ಧೂಳದಾಗ ಇದ್ರೂ ಯಾರೂ ಕೆಮ್ಮೂದ ಇಲ್ಲಲ್ರಿ?” ಅಂದ.

ಅವನ ಅಪ್ಪ ವರ್ಷಾನುಗಟ್ಟಲೆ ಗ್ರಾನೈಟ್ ಕೊರೆಯುವ, ಕೊಯ್ಯುವ ಕೆಲಸ ಮಾಡಿದವರು. ಮನೆಯಲ್ಲಿ ರಾತ್ರಿ ಕೇಳುವ ಕೆಮ್ಮಿನ ಸದ್ದು ಅವನಿಗೆ ಗೊತ್ತು. ಹಾಗಾಗಿ ಈ ಪ್ರಶ್ನೆ ಯಾವ ಸಿದ್ಧಾಂತದಿಂದಲೂ ಬಂದದ್ದಲ್ಲ. ಜನಜಂಗುಳಿಯ ಸದ್ದಿನಲ್ಲಿ ಎಲ್ಲೋ ಒಂದು ಕೆಮ್ಮು ಇದ್ದರೂ ಇರಬಹುದು. ಆದರೆ ಕೆಮ್ಮು ಈ ಕಥೆಯ ಸಂಗತಿಯಾಗುವುದಿಲ್ಲ. ಇಲ್ಲಿ ಗಣಿಕಾರ್ಮಿಕನನ್ನು ಕೊಲ್ಲುವುದು ಕಾವಲುಗಾರನ ಬಂದೂಕು, ಧಣಿಯ ಕತ್ತಿ. ಧೂಳು ಯಾರನ್ನೂ ಕೊಲ್ಲುವುದಿಲ್ಲ. ಧೂಳು ಇರುವುದು ಚಿತ್ರಕ್ಕೆ ಬಣ್ಣ ಕೊಡಲು.

ಇದಕ್ಕೆ ಸಿಗುವ ಉತ್ತರ ನನಗೂ ಗೊತ್ತು. ಇದು ಕಾಲ್ಪನಿಕ ಕಥೆ, ಸಾಕ್ಷ್ಯಚಿತ್ರವಲ್ಲ; ಇತಿಹಾಸ ಬೇಕಾದವರು ಪುಸ್ತಕ ಓದಲಿ ಎನ್ನುತ್ತಾರೆ. ಒಪ್ಪೋಣ. ಸಿನಿಮಾ ಸುಳ್ಳು ಹೇಳಿತು ಎನ್ನುವುದು ನನ್ನ ತಕರಾರಲ್ಲ. ಕಟ್ಟುಕಥೆಯೂ ಒಂದು ಆಯ್ಕೆ. ಏನನ್ನು ಊಹಿಸಿಕೊಳ್ಳುತ್ತೇವೆ, ಏನನ್ನು ಊಹಿಸಿಕೊಳ್ಳಲು ಆಗುವುದೇ ಇಲ್ಲ ಎನ್ನುವುದರಲ್ಲಿ ಒಂದು ಸಮಾಜದ ಕಣ್ಣು ಗೊತ್ತಾಗುತ್ತದೆ. ಈ ಸಿನಿಮಾ ಒಂದು ನಿಜವಾದ ಊರಿನ ಹೆಸರನ್ನು ತೆಗೆದುಕೊಂಡಿತು. ಅಲ್ಲಿನ ಸೈನೈಡ್ ಗುಡ್ಡಗಳ ಮೇಲೆ ಸೆಟ್ ಹಾಕಿ ಚಿತ್ರೀಕರಣ ಮಾಡಿತು. ಎರಡನೇ ಭಾಗದ ಚಿತ್ರೀಕರಣದಿಂದ ಪರಿಸರಕ್ಕೆ ಹಾನಿಯಾಗುತ್ತಿದೆ ಎಂಬ ದೂರು 2019ರಲ್ಲಿ ಕೆ.ಜಿ.ಎಫ್‌ನ ನ್ಯಾಯಾಲಯಕ್ಕೂ ಹೋಗಿ, ಕೆಲಸಕ್ಕೆ ತಾತ್ಕಾಲಿಕ ತಡೆ ಬಂದಿತ್ತು. ಊರಿನ ಹೆಸರು ಬೇಕು, ಊರಿನ ಧೂಳು ಬೇಕು. ಧೂಳು ಮಾಡಿದ್ದೇನು ಎಂಬುದು ಮಾತ್ರ ಬೇಡವಾಯಿತು. ಯಾಕೆ ಬೇಡವಾಯಿತು ಎಂದು ಕೇಳುವುದು ವಿಮರ್ಶೆಯ ಕೆಲಸ ಎಂದುಕೊಂಡಿದ್ದೇನೆ.

ಸಿನಿಮಾದ ಗಣಿ ಹೇಗಿದೆ ನೋಡಿ. 1951ರಲ್ಲಿ ಚಿನ್ನದ ನೆಲೆ ಪತ್ತೆಯಾಗುತ್ತದೆ. ಸೂರ್ಯವರ್ಧನ ಎಂಬಾತ ಸುಣ್ಣದ ಕಲ್ಲಿನ ಗಣಿ ಎಂದು ಹೇಳಿ 99 ವರ್ಷದ ಗುತ್ತಿಗೆ ಪಡೆದು ಒಳಗೊಳಗೇ ಚಿನ್ನ ತೆಗೆಸುತ್ತಾನೆ. ಜನರನ್ನು ಹಿಡಿದು ತಂದು ಗುಲಾಮರಾಗಿ ದುಡಿಸುತ್ತಾರೆ. ಅವನ ಮಗ ಗರುಡ ಕ್ರೂರಿ. ರಾಕಿ ಬರುತ್ತಾನೆ, ಗರುಡನ ತಲೆ ಕಡಿಯುತ್ತಾನೆ, ಜನ ಅವನನ್ನು ಹೊತ್ತು ಮೆರೆಸುತ್ತಾರೆ. ಅನ್ಯಾಯಕ್ಕೆ ಒಂದು ಮುಖವಿದೆ. ಆ ಮುಖ ಉರುಳಿದರೆ ಅನ್ಯಾಯವೂ ಉರುಳುತ್ತದೆ. ನಮ್ಮ ಬಯಲಾಟದ ರಾಕ್ಷಸನಿಂದ ಹಿಡಿದು ಎಪ್ಪತ್ತರ ದಶಕದ ಸಾಹುಕಾರನವರೆಗೆ ನಾವು ನೋಡುತ್ತಾ ಬಂದ ಲೆಕ್ಕ ಇದೇ. ಅದರಲ್ಲಿ ಒಂದು ಸುಖವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಬಡವನೊಬ್ಬ ತಲೆಯೆತ್ತಿ ನಿಲ್ಲುವುದನ್ನು ಪರದೆಯ ಮೇಲೆ ನೋಡುವ ಆಸೆ ಸುಳ್ಳಲ್ಲ. ತಾಯಿಗೆ ಕೊಟ್ಟ ಮಾತಿನ ಎಳೆ ಜನರ ಎದೆಗೆ ತಾಕಿದ್ದೂ ಸುಮ್ಮನೆ ಅಲ್ಲ.

ಆದರೆ ನಿಜವಾದ ಕೋಲಾರದ ಗಣಿಯಲ್ಲಿ ಗರುಡನಿರಲಿಲ್ಲ. ಅಲ್ಲಿದ್ದದ್ದು ಕಂಪನಿ.

ಐರ್ಲೆಂಡ್ ಮೂಲದ ಸೈನಿಕ ಲಾವೆಲ್ 1870ರ ದಶಕದಲ್ಲಿ ಗಣಿಗಾರಿಕೆಯ ಪರವಾನಗಿ ಪಡೆದ. 1880ರ ಹೊತ್ತಿಗೆ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕೋಲಾರಕ್ಕೆ ಕಾಲಿಟ್ಟಿತು. ಸ್ಪೇನ್, ಮೆಕ್ಸಿಕೊ ಮುಂತಾದ ಕಡೆ ಗಣಿ ನಡೆಸಿದ ಅನುಭವ ಅದಕ್ಕಿತ್ತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಬಹುರಾಷ್ಟ್ರೀಯ ಕಂಪನಿ. ಷೇರುದಾರರು ಲಂಡನ್ನಿನಲ್ಲಿ, ಮೇಲ್ವಿಚಾರಣೆಗೆ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯಿಂದ ಬಂದ ಗಣಿಗಾರರು, ಒಳಗೆ ದುಡಿಯಲು ಹೆಚ್ಚಾಗಿ ಉತ್ತರ ಆರ್ಕಾಟಿನ ಸುತ್ತಿನಿಂದ ಬಂದ ದಲಿತರು. ಮೇಲೆ ಬಂಗಲೆ, ಕ್ಲಬ್ಬು, ತಂಪು ಹವೆ; ಚಿಕ್ಕ ಇಂಗ್ಲೆಂಡ್ ಎಂದು ಕರೆಸಿಕೊಂಡ ಊರು. ಅದರ ಪಕ್ಕದಲ್ಲೇ ಕೂಲಿ ಲೈನುಗಳು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬೆಂಗಳೂರಿನ ಬೀದಿಗೆ ಬರುವ ಮೊದಲೇ ಗಣಿಗೆ ಬಂತು. ಇಂಥ ಕಂಪನಿಯನ್ನು ಕಥೆಯ ಖಳನನ್ನಾಗಿ ಮಾಡುವುದು ಕಷ್ಟ. ಅದು ಆಸ್ಪತ್ರೆ ಕಟ್ಟಿತ್ತು, ಸಂಬಳ ಕೊಡುತ್ತಿತ್ತು, ರಿಜಿಸ್ಟರ್ ಇಟ್ಟಿತ್ತು.

ಸುರಕ್ಷತೆ ಎಂಬ ಮಾತೂ ಅದಕ್ಕೆ ಹೊಸದೇನಲ್ಲ. ಆದರೆ ಯಾವುದರ ಸುರಕ್ಷತೆ, ಯಾವಾಗ ಎಂದು ಕೇಳಬೇಕು. ಚಿನ್ನ ಕಳವಾಗದಂತೆ ನೋಡಿಕೊಳ್ಳುವ ಕಾನೂನು, ಕಾವಲು, ಮೈ ತಪಾಸಣೆ ಮೊದಲ ದಶಕಗಳಲ್ಲೇ ಬಂದವು. ಗಣಿ ಆಳಕ್ಕಿಳಿದಂತೆ ಬಂಡೆ ಸಿಡಿಯುವ ಅನಾಹುತಗಳು ಹೆಚ್ಚಿದವು. ಆಗ ಇಪ್ಪತ್ತನೇ ಶತಮಾನದ ಎರಡನೇ ದಶಕದಲ್ಲೇ ಕಂಪನ ಅಳೆಯುವ ಯಂತ್ರ ಬಂತು. ಬಂಡೆ ಸಿಡಿದರೆ ಮನುಷ್ಯರೂ ಸಾಯುತ್ತಾರೆ, ಸುರಂಗವೂ ಮುಚ್ಚುತ್ತದೆ, ಉತ್ಪಾದನೆಯೂ ನಿಲ್ಲುತ್ತದೆ. ಅದು ಕೂಡಲೇ ಕಣ್ಣಿಗೆ ಬೀಳುವ ನಷ್ಟ. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದುಕೊಳ್ಳುವ ಕ್ರಮ ಬಂದಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಅಂದರೆ ಅಷ್ಟರಲ್ಲಾಗಲೇ ಅವರ ಬೆರಳಿಗೂ ದಾಖಲೆ ಇಡುವ ಯೋಚನೆ ಇತ್ತು. ಶ್ವಾಸಕೋಶಕ್ಕೆ ಇರಲಿಲ್ಲ.

ಭಾರತದಲ್ಲಿ ಸಿಲಿಕೋಸಿಸ್ ಮೊದಲ ಬಾರಿ ವರದಿಯಾದದ್ದು ಕೋಲಾರದ ಗಣಿಯಿಂದ, 1934ರಲ್ಲಿ. ಕಂಪನಿ ಬಂದು ಐವತ್ತು ವರ್ಷ ದಾಟಿತ್ತು. 1940ರಿಂದ 1946ರವರೆಗೆ ತಪಾಸಣೆಗೊಳಗಾದ 7,653 ಕಾರ್ಮಿಕರಲ್ಲಿ ಶೇಕಡಾ 43ಕ್ಕೂ ಹೆಚ್ಚು ಜನರಿಗೆ ಆ ರೋಗವಿತ್ತು. ಅದು ಯಾರಿಗೂ ತಿಳಿಯದ ರೋಗವಾಗಿತ್ತು ಎನ್ನುವಂತೆಯೂ ಇಲ್ಲ. ಗಣಿಯ ಕಲ್ಲುಧೂಳು ಶ್ವಾಸಕೋಶವನ್ನು ತಿನ್ನುತ್ತದೆ ಎಂದು ಕಾರ್ನ್‌ವಾಲಿನ ಗಣಿಗಾರರ ಆರೋಗ್ಯದ ಬಗ್ಗೆ 1904ರಲ್ಲೇ ಬ್ರಿಟನ್ನಿನಲ್ಲಿ ಸರ್ಕಾರಿ ವರದಿ ಬಂದಿತ್ತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ 1911–12ರ ಹೊತ್ತಿಗೆ ಪರಿಹಾರದ ಕಾಯ್ದೆಗಳಾಗಿದ್ದವು. ಕೋಲಾರದ ಮೇಲ್ವಿಚಾರಕರಲ್ಲಿ ಎಷ್ಟೋ ಜನ ಅದೇ ಕಾರ್ನ್‌ವಾಲಿನವರು. ಯಂತ್ರ, ಬಂಡವಾಳ, ಮನುಷ್ಯರು ಎಲ್ಲವೂ ಹಡಗು ಹತ್ತಿ ಬಂದವು. ಆ ತಿಳಿವಳಿಕೆ ಮಾತ್ರ ಮೂವತ್ತು ವರ್ಷ ತಡವಾಗಿ ದಾಖಲೆಗೆ ಬಂತು. ಇದಕ್ಕೆ ಯಾವ ಒಬ್ಬ ಕ್ರೂರಿಯೂ ಬೇಕಾಗಲಿಲ್ಲ.

ಈ ರೋಗದ ನಡೆಯನ್ನು ಸ್ವಲ್ಪ ನೋಡಬೇಕು. ಕಥೆಗಾರರು ಅದನ್ನು ಕೈಬಿಟ್ಟದ್ದು ಯಾಕೆ ಎಂಬುದಕ್ಕೆ ಉತ್ತರ ಅಲ್ಲೇ ಇದೆ. ಚಿನ್ನ ಇರುವುದು ಬೆಣಚುಕಲ್ಲಿನಲ್ಲಿ. ಗಾಳಿಯ ಒತ್ತಡದಿಂದ ನಡೆಯುವ ಯಂತ್ರದಲ್ಲಿ ಅದನ್ನು ಒಣಗಿದ್ದ ಹಾಗೇ ಕೊರೆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಗಾಳಿಯಲ್ಲಿ ನಿಲ್ಲುತ್ತವೆ. ಮೂಗಿಗೆ ಸಿಕ್ಕಿಕೊಳ್ಳುವ ದಪ್ಪ ಧೂಳಿಗಿಂತ ಈ ಕಾಣದ ಧೂಳೇ ಅಪಾಯ. ಅದು ಶ್ವಾಸಕೋಶದ ತಳಕ್ಕಿಳಿಯುತ್ತದೆ. ಅದನ್ನು ನುಂಗಿ ಹೊರಹಾಕಬೇಕಾದ ಜೀವಕೋಶಗಳು ತಾವೇ ಸಾಯುತ್ತವೆ. ಸುತ್ತ ಗಾಯದ ಕಲೆಯಂತೆ ಗಂಟು ಕಟ್ಟುತ್ತದೆ. ಕೆಲಸ ಬಿಟ್ಟ ಮೇಲೂ ಅದು ಬೆಳೆಯುತ್ತಾ ಹೋಗಬಹುದು. ಕ್ಷಯ ಬೇಗ ತಗಲುತ್ತದೆ. ವಾಸಿ ಮಾಡುವ ಔಷಧಿ ಇಲ್ಲ. ತಡೆಯುವ ದಾರಿ ಮಾತ್ರ ಸರಳ: ಕೊರೆಯುವಾಗ ನೀರು ಹಾಯಿಸುವುದು, ಗಾಳಿ ಆಡುವಂತೆ ಮಾಡುವುದು, ಧೂಳಿನ ಪ್ರಮಾಣವನ್ನು ಅಳೆಯುತ್ತಿರುವುದು, ಎದೆಯ ಎಕ್ಸ್-ರೇ ತೆಗೆಸುತ್ತಿರುವುದು.

ಬಂದೂಕಿನ ಗುಂಡಿಗೂ ಈ ಕಣಕ್ಕೂ ಇರುವ ಅಂತರ ಕಾಲದ್ದು. ಗುಂಡು ಹೊಡೆದವನು ಎದುರಿಗೇ ಇರುತ್ತಾನೆ. ಕಣ ಒಳಗೆ ಹೋದ ದಿನ ಏನೂ ಆಗುವುದಿಲ್ಲ. ಹತ್ತು, ಹದಿನೈದು, ಇಪ್ಪತ್ತು ವರ್ಷ ಕಳೆಯುತ್ತದೆ. ಅಷ್ಟರಲ್ಲಿ ಆಳು ಕೆಲಸ ಬಿಟ್ಟಿರುತ್ತಾನೆ, ಊರಿಗೆ ಮರಳಿರುತ್ತಾನೆ, ಅವನ ಸಾವು ಇನ್ನಾವುದೋ ಊರಿನ ಲೆಕ್ಕಕ್ಕೆ ಸೇರುತ್ತದೆ. ಸಾವಿಗೆ ಕಾರಣ ಕ್ಷಯ ಎಂದೋ, ದಮ್ಮು ಎಂದೋ, ಕುಡಿತ ಎಂದೋ ಬರೆಯುತ್ತಾರೆ. ಎರಡೂಮುಕ್ಕಾಲು ಗಂಟೆಯ ಸಿನಿಮಾಕ್ಕೆ ಇದು ಒಗ್ಗುವ ಸಾವಲ್ಲ. ಆದರೆ ಇಪ್ಪತ್ತು ವರ್ಷದ ಸಂಕಟವನ್ನು ಹಿಡಿದಿಡಲೆಂದೇ ಕಾದಂಬರಿ ಎಂಬ ಪ್ರಕಾರ ಇದೆಯಲ್ಲ? ಹಾಗಾಗಿ ಈ ಪ್ರಶ್ನೆ ಪ್ರಶಾಂತ್ ನೀಲ್ ಅವರಿಗಷ್ಟೇ ಸೇರಿದ್ದಲ್ಲ.

ಸಾಹಿತ್ಯಕ್ಕೆ ಬರುವ ಮೊದಲು ಅದೇ ಧೂಳಿನ ಉಳಿದರ್ಧ ಎಲ್ಲಿಗೆ ಹೋಯಿತು ಎಂದು ನೋಡೋಣ. ಮೇಲೆ ತಂದ ಕಲ್ಲನ್ನು ಹಿಟ್ಟಿನಂತೆ ಪುಡಿ ಮಾಡಿ ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆಯುತ್ತಿದ್ದರು. ಒಂದು ಟನ್ ಕಲ್ಲಿಗೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಉಳಿದದ್ದನ್ನು ಊರ ಪಕ್ಕದಲ್ಲೇ ಸುರಿದರು. ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ಹೋಯಿತು. ಮೂರು ಕೋಟಿ ಟನ್ನಿಗೂ ಮಿಕ್ಕ ಪುಡಿ ಉಳಿಯಿತು. ಸೈನೈಡ್ ಗುಡ್ಡಗಳೆಂದರೆ ಇವೇ. ಬೇಸಿಗೆಯ ಗಾಳಿಗೆ ಅದು ಎದ್ದು ಮನೆಗಳೊಳಗೆ ಬರುತ್ತದೆ, ಮಳೆಗೆ ಕರಗಿ ಹಳ್ಳಕ್ಕಿಳಿಯುತ್ತದೆ.

ಗಣಿಯೊಳಗೆ ಎದೆಗಿಳಿದರೆ ಅದನ್ನು ಕಾರ್ಮಿಕ ಸುರಕ್ಷತೆ ಎನ್ನುತ್ತೇವೆ, ಗುಡ್ಡದಿಂದ ಗಾಳಿಗೆ ಹಾರಿದರೆ ಪರಿಸರ ಎನ್ನುತ್ತೇವೆ. ಇಲಾಖೆ ಬೇರೆ, ಕಾಯ್ದೆ ಬೇರೆ, ಹೋರಾಟಗಾರರೂ ಎಷ್ಟೋ ಸಲ ಬೇರೆ. ಧೂಳು ಮಾತ್ರ ಒಂದೇ. ಬೇಲಿಯ ಒಳಗಿನದು, ಹೊರಗಿನದು ಎಂಬ ಈ ಭೇದ ನಿಜವಲ್ಲ ಎಂಬುದನ್ನು 1984ರ ಡಿಸೆಂಬರಿನ ಒಂದು ರಾತ್ರಿ ಭೋಪಾಲ ಇಡೀ ಜಗತ್ತಿಗೆ ತೋರಿಸಿತು. ಆಮೇಲೆ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಅಧ್ಯಾಯ ಸೇರಿತು. ಭೋಪಾಲ ಒಂದೇ ರಾತ್ರಿಯಲ್ಲಿ ನಡೆದದ್ದರಿಂದ ಜಗತ್ತಿಗೆ ಕಂಡಿತು. ಕೋಲಾರ ದಶಕಗಟ್ಟಲೆ ನಡೆಯಿತು, ಕಾಣಲಿಲ್ಲ.

ಈಗ ಸಿನಿಮಾದ ಎರಡನೇ ಭಾಗಕ್ಕೆ ಬನ್ನಿ (2022). ಗರುಡ ಸತ್ತಿದ್ದಾನೆ, ಜನ ಬಿಡುಗಡೆಯಾಗಿದ್ದಾರೆ. ಆಮೇಲೇನು? ರಾಕಿ ಇನ್ನಷ್ಟು ಗಣಿಗಳಲ್ಲಿ ಕೆಲಸ ಶುರು ಮಾಡಿಸುತ್ತಾನೆ. ಅದೇ ಜನ, ಅದೇ ಕಲ್ಲು, ಅದೇ ಧೂಳು; ಧಣಿ ಮಾತ್ರ ಬದಲು. ಸಿನಿಮಾ ಇದನ್ನು ಗೆಲುವು ಎಂದು ತೋರಿಸುತ್ತದೆ. ತಮಾಷೆಯೆಂದರೆ, ತನಗೆ ಅರಿವಿಲ್ಲದೆಯೇ ಸಿನಿಮಾ ಇತಿಹಾಸಕ್ಕೆ ಅತ್ಯಂತ ಹತ್ತಿರ ಬರುವುದು ಇಲ್ಲೇ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಣ ಮಾಡಿತು. ಅಂದರೆ ಗರುಡನ ತಲೆ ಹೋಯಿತು. 1962ರಲ್ಲಿ ಗಣಿ ಕೇಂದ್ರಕ್ಕೆ ಸೇರಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು, 2001ರ ಫೆಬ್ರವರಿ 28ರಂದು ಮುಚ್ಚಿತು. ಒಬ್ಬೊಬ್ಬ ಯಜಮಾನ ಬಂದಾಗಲೂ ಗಣಿ ಕೈ ಬದಲಾಯಿಸಿತು. ಗುಡ್ಡ ಮಾತ್ರ ಅಲ್ಲೇ ಬೆಳೆಯುತ್ತಾ ಹೋಯಿತು. ಲಂಡನ್ನಿನ ಕಂಪನಿ ಕೆಟ್ಟದ್ದು, ನಮ್ಮ ಸರ್ಕಾರ ಬಂದ ಮೇಲೆ ಎಲ್ಲ ಸರಿಹೋಯಿತು ಎನ್ನುವ ಕಥೆಗೂ ಇಲ್ಲಿ ಆಧಾರವಿಲ್ಲ. ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಹುಟ್ಟಿದ್ದು 1966ರಲ್ಲಿ, ಇದೇ ಕೆ.ಜಿ.ಎಫ್‌ನಲ್ಲಿ. ಅವರ ಮನೆಯವರು ಮಾಡುತ್ತಿದ್ದದ್ದು ಅಲ್ಲಿನ ಒಣ ಶೌಚಾಲಯಗಳ ಮಲ ಹೊರುವ ಕೆಲಸ. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಮಿಕ್ಕಿ ಇಳಿಯುವ ತಂತ್ರಜ್ಞಾನವಿದ್ದ ಊರಿನಲ್ಲಿ, ರಾಷ್ಟ್ರೀಕರಣದ ನಂತರವೂ, ಮನುಷ್ಯನ ಕೈಯಿಂದ ಮಲ ಎತ್ತಿಸುತ್ತಿದ್ದರು. ಯಾವ ಕೆಲಸದವನ ಮೈ ಎಷ್ಟು ಮುಖ್ಯ ಎಂಬುದನ್ನು ಜಾತಿ ಮೊದಲೇ ತೀರ್ಮಾನಿಸಿರುವಾಗ ಸುರಕ್ಷತಾ ನಿಯಮ ಅದರ ಮೇಲೆ ಬರೆದ ಎರಡನೇ ಸಾಲು.

ತಮಿಳಿನಲ್ಲಿ ಪಾ. ರಂಜಿತ್ ಈ ಮೊದಲನೇ ಸಾಲನ್ನೇ ಹಿಡಿದುಕೊಂಡು 2024ರಲ್ಲಿ ‘ತಂಗಲಾನ್’ ಮಾಡಿದರು. ಅಲ್ಲಿ ಚಿನ್ನ ಹುಡುಕಲು ಹೋಗುವವರಿಗೆ ಜಾತಿಯಿದೆ, ಊರಿದೆ, ನೆಲ ಯಾರದ್ದು ಎಂಬ ಪ್ರಶ್ನೆಯಿದೆ. ಕನ್ನಡದ ಸಿನಿಮಾದಲ್ಲಿ ಗಣಿಯ ಜನಕ್ಕೆ ಸಂಕಟವಿದೆ, ಜಾತಿಯಿಲ್ಲ, ತಮಿಳೂ ಇಲ್ಲ. ಆದರೆ ‘ತಂಗಲಾನ್’ ಕೂಡ ಹತ್ತೊಂಬತ್ತನೇ ಶತಮಾನದ ನಡುಭಾಗದ ಕಥೆ. ಕಂಪನಿ ಬೇರೂರುವ ಮೊದಲಿನದು. ಎಕ್ಸ್-ರೇ ಕೋಣೆಯ ಮುಂದೆ ಸಾಲು ನಿಂತ ಕಾರ್ಮಿಕ ಅಲ್ಲಿಗೂ ಬರುವುದಿಲ್ಲ. ಅವನ ಲೋಕ ಸಿಗುವುದು ಜಾನಕಿ ನಾಯರ್ ಅವರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ (1998) ರೀತಿಯ ಇತಿಹಾಸದ ಪುಸ್ತಕದಲ್ಲಿ, ಅದೂ ಇಂಗ್ಲಿಷಿನಲ್ಲಿ.

ಕನ್ನಡ ಸಾಹಿತ್ಯ ಏನು ಮಾಡಿತು? ದುಡಿಮೆಯ ಜಾಗದಲ್ಲಿ ಜೀವ ಹೋಗುವುದನ್ನು ನಾವು ಬರೆಯಲೇ ಇಲ್ಲವೆಂದೇನೂ ಅಲ್ಲ. 1933ರ ‘ಚೋಮನ ದುಡಿ’ಯಲ್ಲಿ ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ; ತೋಟ ಆ ಮನೆಯನ್ನು ಒಡೆಯುತ್ತದೆ. ಕಾರಂತರಿಗೆ ತೋಟ ಒಂದು ವ್ಯವಸ್ಥೆಯಾಗಿ ಕಂಡಿತ್ತು. ಕಂಪನಿಯೊಳಗಿನ ಬದುಕಿಗೆ ಬಂದರೆ ಯಶವಂತ ಚಿತ್ತಾಲರ ‘ಶಿಕಾರಿ’ (1979) ನಮ್ಮ ದೊಡ್ಡ ಕೃತಿ. ಚಿತ್ತಾಲರು ಸ್ವತಃ ರಾಸಾಯನಿಕ ಉದ್ಯಮದಲ್ಲಿ ದುಡಿದವರು. ಕಂಪನಿ ಎಂಬ ಮುಖವಿಲ್ಲದ ಶಕ್ತಿ ಒಬ್ಬ ಮನುಷ್ಯನನ್ನು ಹೇಗೆ ಬೇಟೆಯಾಡುತ್ತದೆ ಎಂಬುದನ್ನು ಕನ್ನಡದಲ್ಲಿ ಅಷ್ಟು ಹತ್ತಿರದಿಂದ ತೋರಿಸಿದವರು ವಿರಳ. ಆದರೆ ಆ ಕಾದಂಬರಿಯ ಕಣ್ಣು ಅಧಿಕಾರಿಯದು. ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಮುಂಬಯಿಯ ಕಾರ್ಮಿಕ ಸಂಘಟನೆಯ ಲೋಕಕ್ಕೆ ಹೋಯಿತು. ಕೋಲಾರದ ಸುರಂಗಕ್ಕೆ ಇಳಿಯಲು ನಮಗೆ ಭಾಷೆ ಅಡ್ಡವಾಯಿತು. ಅಲ್ಲಿನವರು ತಮಿಳು, ತೆಲುಗು ಆಡುತ್ತಿದ್ದರು. ಹಾಗಾಗಿ ಅದು ನಮ್ಮ ಊರಲ್ಲ, ನಮ್ಮ ಕಥೆಯಲ್ಲ ಎಂದುಕೊಂಡೆವು. ಅಲ್ಲಿನ ಚಿನ್ನ ನಮ್ಮದು ಎಂದು ಹೇಳಲು ಮಾತ್ರ ಯಾವ ಸಂಕೋಚವೂ ಇರಲಿಲ್ಲ.

ಇನ್ನೊಂದು ಅಡ್ಡಿಯೂ ಇದೆ ಎನಿಸುತ್ತದೆ, ಅದು ನಮ್ಮ ಜಿಲ್ಲೆಯಲ್ಲೇ ಕೂತು ಯೋಚಿಸುವಾಗ ಹೊಳೆದದ್ದು. ಹುನಗುಂದದ ಮಗ್ಗುಲಲ್ಲೇ ಕೂಡಲಸಂಗಮವಿದೆ. ಕಾಯಕ ಎಂಬ ಮಾತನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಯಾವ ಕೆಲಸವೂ ಕೀಳಲ್ಲ ಎಂಬುದು ಹನ್ನೆರಡನೇ ಶತಮಾನದ ಶರಣರು ಜಾತಿಯ ಎದುರು ಎತ್ತಿದ ಮಾತು. ಇಂದು ಅದನ್ನು ಎಷ್ಟೋ ಕಡೆ ಗೋಡೆಯ ಮೇಲಿನ ಬರಹ ಮಾಡಿ, ಮಾಡುವ ಕೆಲಸದ ಬಗ್ಗೆ ದೂರು ಹೇಳಬಾರದು ಎಂಬ ಅರ್ಥಕ್ಕೆ ಇಳಿಸಿದ್ದೇವೆ. ಕಾಯ ಉಳಿದರೆ ತಾನೆ ಕಾಯಕ? ಕೆಲಸಕ್ಕೆ ಗೌರವ ಕೊಡುವುದೆಂದರೆ ಕೆಲಸ ಮಾಡುವವನ ಉಸಿರಿನ ಲೆಕ್ಕ ಕೇಳುವುದೂ ಹೌದು. ಆ ಲೆಕ್ಕ ಕೇಳುವ ಕಥೆ ನಮ್ಮಲ್ಲಿ ಇನ್ನೂ ಸಾಲದು.

ಸಿನಿಮಾದಲ್ಲಿ ಚಿನ್ನವನ್ನು ಮುಚ್ಚಿಡಲು ಸುಣ್ಣದ ಕಲ್ಲಿನ ನೆಪ ಹೇಳುತ್ತಾರೆ. ಸುಣ್ಣದ ಕಲ್ಲು ಅಂದರೆ ಯಾರೂ ತಿರುಗಿ ನೋಡುವುದಿಲ್ಲ ಎಂಬ ನಂಬಿಕೆ ಅದರ ಹಿಂದಿದೆ. ಆ ಮಾತು ಬಂದಾಗ ಬಾಗಲಕೋಟೆಯಲ್ಲಿ ಕೂತ ನಮಗೆ ನಗು ಬಂತು. ನಮ್ಮದು ಸುಣ್ಣದ ಕಲ್ಲಿನ, ಸಿಮೆಂಟಿನ, ಗ್ರಾನೈಟಿನ ಸೀಮೆ. ಇಳಕಲ್ಲಿನ ಕೆಂಪು ಕಲ್ಲು ಹಡಗು ಹತ್ತಿ ದೂರದ ದೇಶಗಳ ಕಟ್ಟಡಗಳಿಗೆ ಹೋಗುತ್ತದೆ. ಅದನ್ನು ಕೊರೆಯುವಾಗ ಏಳುವ ಧೂಳಿನಲ್ಲಿ ಇರುವುದೂ ಸಿಲಿಕಾ. ಮುಖಕ್ಕೆ ಟವೆಲ್ ಸುತ್ತಿಕೊಂಡು ಕಲ್ಲಿನ ಕೆಲಸ ಮಾಡುವವರನ್ನು ಆ ದಾರಿಯಲ್ಲಿ ಹೋಗುವ ಎಲ್ಲರೂ ನೋಡಿರುತ್ತಾರೆ. ಟವೆಲ್ಲು ದಪ್ಪ ಧೂಳನ್ನು ತಡೆಯುತ್ತದೆ, ಕಾಣದ ಧೂಳನ್ನಲ್ಲ. ಇಲ್ಲಿ ಸೂರ್ಯವರ್ಧನನೂ ಇಲ್ಲ, ಗರುಡನೂ ಇಲ್ಲ. ಆದ್ದರಿಂದ ನಮಗೆ ಕಥೆಯೂ ಇಲ್ಲವೇನೋ.

ಕೋಲಾರದ ಕಥೆ ಮುಗಿದಿಲ್ಲ. ಅಲ್ಲಿನ 13 ಗುಡ್ಡಗಳಲ್ಲಿ, ಸಾವಿರ ಎಕರೆಗೂ ಮಿಕ್ಕ ಜಾಗದಲ್ಲಿ, ಉಳಿದ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಉದ್ಯೋಗ ಸಿಗುತ್ತದೆ ಎಂಬ ಆಸೆ ಆ ಊರಿಗಿದೆ. ಅದು ನ್ಯಾಯವಾದ ಆಸೆ. ಆದರೆ ಗುಡ್ಡ ಕೆದಕಿದರೆ ಎದ್ದೇಳುವುದು ಅದೇ ನೂರು ವರ್ಷದ ಧೂಳು. ಅದನ್ನು ಯಾರು ಅಳೆಯುತ್ತಾರೆ, ಯಾರ ಎದೆಯ ಎಕ್ಸ್-ರೇಯನ್ನು ಎಷ್ಟು ವರ್ಷ ಕಾಪಿಡುತ್ತಾರೆ, ಗುತ್ತಿಗೆದಾರ ಬದಲಾದಾಗ ಆ ಕಡತ ಯಾರ ಕೈಗೆ ಹೋಗುತ್ತದೆ? ರಾಕಿಯ ಕಥೆ ನೋಡಿ ಬೆಳೆದ ನಾವು ಇಂಥ ಪ್ರಶ್ನೆ ಕೇಳುವ ಅಭ್ಯಾಸ ಮಾಡಿಕೊಂಡಿಲ್ಲ. ನಮಗೆ ಗೊತ್ತಿರುವುದು ಖಳನಾಯಕ ಯಾರು ಎಂದು ಕೇಳುವುದಷ್ಟೇ.

ಆ ರಾತ್ರಿ ಸಿನಿಮಾ ಮುಗಿದ ಮೇಲೆ ಹುಡುಗ ಮನೆಗೆ ಫೋನ್ ಮಾಡಿದ. ಅಪ್ಪನ ಜೊತೆ ಊಟದ್ದು, ಮಳೆಯದ್ದು ಮಾತಾಡಿದ. ಆಮೇಲೆ, “ಎಪ್ಪಾ, ಎದಿ ಫೋಟೋ ತಗಸಿದ್ದು ಯಾವಾಗ?” ಎಂದು ಕೇಳಿದ. ಆ ಕಡೆಯಿಂದ ಏನು ಹೇಳಿದರೋ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಐತವಾರ ಬರ್ತೀನಿ, ಸೋಮವಾರ ದವಾಖಾನಿಗೆ ಹೋಗೂಣು” ಅಂದ.